ದೊಡ್ಡ ಪೀಪಿಗೆ ಉಡಿ ತುಂಬಿದ್ದು

ಬ್ಯಾಂಡಿಗೆ ಹಾಡು ಬರೆಯಬೇಕೆನ್ನುವವರು ಮೊದಲು ಊದುವವನ ಬಾಯಿ ನೋಡಬೇಕು. ಎಲೆಅಡಿಕೆ ಎಷ್ಟು ಹಾಕುತ್ತಾನೆ, ಮುಂದಿನ ಹಲ್ಲು ಎಷ್ಟು ಉಳಿದಿವೆ, ಮಾತಾಡುವಾಗ ಉಸಿರು ಎಲ್ಲಿ ಕಡಿಯುತ್ತದೆ, ಇಷ್ಟು ತಿಳಿದರೆ ಅರ್ಧ ಹಾಡು ಬರೆದಂತೆಯೇ. ಇದನ್ನು ನನಗೆ ಯಾವ ಗುರುವೂ ಹೇಳಿಕೊಡಲಿಲ್ಲ. ಇಂಡಿ ಊರಿನ ಲಿಂಬೆಹಣ್ಣಿನ ಬಾಜಾರಿನಲ್ಲಿ ಹಣ್ಣು ಆರಿಸುತ್ತ, ಚೌಕಾಶಿ ಮಾಡುತ್ತ ಕಲಿತೆ. ಚೀಲದ ಬಾಯಲ್ಲಿರುವ ಹಣ್ಣು ಯಾವಾಗಲೂ ಚೆಂದ ಇರುತ್ತದೆ. ಕೈ ಇಳಿಸಿ ತಳದ ಹಣ್ಣು ತೆಗೆದು ನೋಡಬೇಕು. ಬ್ಯಾಂಡಿನಲ್ಲಿಯೂ ಮುಂದೆ ನಿಂತವನು ಚೆನ್ನಾಗಿಯೇ ಊದುತ್ತಾನೆ. ನೀವು ಹಿಂದಿನ ಸಾಲಿಗೆ ಹೋಗಿ ಕಿವಿ ಕೊಡಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಈ ನಾಲ್ಕು ತಾಲೂಕಿನ ಲಗ್ನದ ಬ್ಯಾಂಡುಗಳಿಗೆ ನಾನು ಹೊಸ ಹಾಡು ಕಟ್ಟಿಕೊಡುತ್ತೇನೆ, ಹಳೆಯ ಹಾಡುಗಳನ್ನು ಅವರವರ ಅಳತೆಗೆ ಸರಿಮಾಡಿಕೊಡುತ್ತೇನೆ. ಭಜನೆಯ ಹಾರ್ಮೋನಿಯಂ ಬಿಟ್ಟರೆ ನನಗೆ ಬೇರೆ ವಿದ್ಯೆ ಇರಲಿಲ್ಲ. ಟ್ರಂಪೆಟ್ಟಿಗೆ ಮೂರೇ ಗುಂಡಿ ಇರುತ್ತವೆ ಎಂದು ಗೊತ್ತಾದ ದಿನ ಧೈರ್ಯ ಬಂತು. ಒಂದು, ಎರಡು, ಮೂರು ಎಂದು ಗುಂಡಿಯ ಸಂಖ್ಯೆಗಳನ್ನು ಗೆರೆಹಾಳೆಯಲ್ಲಿ ಬರೆಯುತ್ತೇನೆ. ಏನೂ ಒತ್ತದಿದ್ದರೆ ಸೊನ್ನೆ. ತುಟಿ ಬಿಗಿ ಹಿಡಿಯಬೇಕಾದರೆ ಸಂಖ್ಯೆ ಗೆರೆಯ ಮೇಲೆ, ಸಡಿಲ ಬಿಡಬೇಕಾದರೆ ಕೆಳಗೆ. ಓದುಬರಹ ಬಾರದವರೂ ಬಸ್ಸಿನ ನಂಬರು ಓದುತ್ತಾರಲ್ಲ, ಹಾಗೆ ಇದನ್ನೂ ಓದುತ್ತಾರೆ.

ಒಂದೊಂದು ಬ್ಯಾಂಡಿಗೆ ಒಂದೊಂದು ಬೇನೆ. ಸಿಂದಗಿಯ ಒಂದು ಬ್ಯಾಂಡಿನಲ್ಲಿ ಇದ್ದ ಒಂದೇ ಟ್ರಂಪೆಟ್ಟಿನ ಮೂರನೆಯ ಗುಂಡಿ ಒತ್ತಿದಲ್ಲಿಯೇ ಸಿಕ್ಕಿಬಿದ್ದಿತ್ತು, ಮೇಲೆ ಏಳುತ್ತಿರಲಿಲ್ಲ. ನಾನು ಅದಕ್ಕೆ ತಕ್ಕಂತೆಯೇ ಒಂದು ಹಾಡು ಕಟ್ಟಿದೆ. ಎಲ್ಲ ಸ್ವರಗಳೂ ಸ್ವಲ್ಪ ಮುನಿಸಿಕೊಂಡಂತೆ ಬರುತ್ತಿದ್ದವು, ಮದುಮಗಳನ್ನು ಕಳಿಸುವಾಗ ಬಾರಿಸಿದರೆ ಗಂಡಸರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಾಡು ಹೆಸರಾಯಿತು. ಇಂಡಿಯ ಒಳ್ಳೆಯ ಬ್ಯಾಂಡೊಂದು ಅದನ್ನೇ ಕೇಳಿ ಬರೆಸಿಕೊಂಡು ಹೋಗಿ, ಎಂಟು ದಿನ ಬಿಟ್ಟು ತಕರಾರು ತಂತು: ನಮ್ಮಲ್ಲಿ ಆ ಅಳು ಬರುತ್ತಿಲ್ಲ. ಮೂರನೆಯ ಗುಂಡಿಯನ್ನು ದಾರದಿಂದ ಕೆಳಕ್ಕೆ ಬಿಗಿದು ಕಟ್ಟಿಕೊಳ್ಳಿ ಎಂದೆ. ಈಗಲೂ ಹೊಚ್ಚ ಹೊಸ ಟ್ರಂಪೆಟ್ಟಿಗೆ ದಾರ ಕಟ್ಟಿಕೊಂಡೇ ಊದುತ್ತಾರೆ.

ಇಷ್ಟೆಲ್ಲ ಆದ ಮೇಲೆ, ಒಂದೇ ಒಂದು ಸ್ವರ ಬರುವ ಮನುಷ್ಯನಿಗೂ ಹಾಡು ಬರೆಯಬೇಕಾಗಿ ಬಂತು. ಹೋದ ವರ್ಷದ ಲಗ್ನದ ಸುಗ್ಗಿಯಲ್ಲಿ ಗೊಳಸಂಗಿಯ ಕಡೆಯ ಬ್ಯಾಂಡಿನ ಮಾಲಕ ಫೋನು ಮಾಡಿದ. ಮದುಮಗ ಹೊಳೆದಂಡೆಯ ತಂಗಡಗಿಯವನು, ಮದುಮಗಳು ಝಳಕಿಯವಳು. ಇವರಿಗೂ ದೂರ ಬೇಡ, ಅವರಿಗೂ ದೂರ ಬೇಡ ಎಂದು ನಡುವೆ ಬಾಗೇವಾಡಿಯ ಕಲ್ಯಾಣ ಮಂಟಪ ಗೊತ್ತುಮಾಡಿದ್ದರು. ಮದುಮಗನನ್ನು ಹನುಮಪ್ಪನ ಗುಡಿಯಿಂದ ಮಂಟಪಕ್ಕೆ ಕರೆತರುವ ಮೆರವಣಿಗೆಗೆ ಹೊಸ ಹಾಡು ಬೇಕಾಗಿತ್ತು.

“ಒಂಬತ್ತ ಮಂದಿಗೆ ಬರೀರಿ, ಮಾಸ್ತರ.”

“ನಿಮ್ಮ ಕಡೆ ಹತ್ತ ಮಂದಿ ಇದ್ರಲ್ಲರಿ?”

“ಹತ್ತನೇದವ್ರು ನಮ್ಮ ಮಾಮಾ. ಅವರ ಮ್ಯಾಲ ಭಾಳ ಗೌರವ ಐತ್ರಿ. ಅವರ ಪೀಪಿ ಮ್ಯಾಲ ಇಲ್ಲ.”

ಮರುದಿನ ಆ ಮಾಮಾನೇ ಬಸ್ಸು ಹತ್ತಿ ಇಂಡಿಗೆ ಬಂದು, ಲಿಂಬೆಹಣ್ಣಿನ ರಾಶಿಯ ನಡುವೆ ನನ್ನೆದುರು ಕುಳಿತರು. ಮೈಗೆ ಸುತ್ತಿಕೊಳ್ಳುವ, ಬಾಯಿ ಆಕಾಶಕ್ಕೆ ತೆರೆದುಕೊಂಡಿರುವ ಆ ದೊಡ್ಡ ಪೀಪಿಯನ್ನು ಮೂವತ್ತು ವರ್ಷ ಊದಿದವರು. ಕಬ್ಬನ್ನು ಹಲ್ಲಿನಿಂದ ಸಿಗಿಯಲು ಹೋಗಿ ಮೇಲಿನ ಎರಡು ಹಲ್ಲು ಕಳೆದುಕೊಂಡಿದ್ದರು. ಕಟ್ಟಿಸಿದ ಹಲ್ಲು ಮೊದಲ ಊದಿಗೇ ಸಡಿಲಾಗಿ ಅಂಗೈಗೆ ಬಂದಿದ್ದವಂತೆ. ಬ್ಯಾಂಡಿನವರಿಗೆ ಹೊಸ ಕೆಂಪು ಕೋಟು ಹೊಲಿಸುತ್ತಿದ್ದರು. ಸಿಂಪಿಗರು ಬಂದು ಒಂಬತ್ತು ಜನರ ಅಳತೆ ಹಿಡಿದು ಟೇಪು ಸುತ್ತಿಕೊಂಡು ಹೋಗಿದ್ದರು. ಇವರು ಅಂಗಿಯ ಗುಂಡಿ ಬಿಚ್ಚಿಕೊಂಡು ಸಾಲಿನಲ್ಲಿ ಕಾದು ನಿಂತಿದ್ದರಂತೆ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಒಂದು ಲಿಂಬೆಹಣ್ಣನ್ನು ತಿರುವಿ ತಿರುವಿ ನೋಡುತ್ತಿದ್ದರು.

“ಎಷ್ಟ ಸ್ವರ ಬರ್ತಾವರಿ ಈಗ?” ಎಂದೆ.

“ಒಂದ.”

“ಒಂದರಾಗ ಹಾಡ ಆಗಂಗಿಲ್ಲರಿ, ಹಿರಿಯರ. ಇನ್ನೊಂದ ಹುಡುಕ್ರಿ. ಎರಡ ಇದ್ರ ಏನರೆ ಮಾಡೂಣು.”

“ಇದ್ದದ್ದ ಒಂದ. ಗುಡಿ ಗಂಟಿಗೆ ಎಷ್ಟ ಸ್ವರ ಅದಾವ? ಬಾರಿಸಿದ್ರ ಎಲ್ಲಾರೂ ಕೈ ಮುಗೀತಾರಿಲ್ಲೋ?”

“ಗಂಟಿ ಕೋಟ ಕೇಳಂಗಿಲ್ಲಲ್ಲರಿ.”

ಅವರು ನಗಲಿಲ್ಲ. “ಮಾಸ್ತರ, ನಾ ಕೇಳಿದ್ದು ಸ್ವರ ಅಲ್ಲ. ನಾ ಇಲ್ಲಂದ್ರ ಹಾಡ ಮುಂದ ಹೋಗಬಾರದು, ಅಂಥಾದ ಬರೀರಿ.”

ವ್ಯಾಪಾರದಲ್ಲಿ ಗಿರಾಕಿ ತನಗೆ ಏನು ಬೇಕು ಎಂದು ಇಷ್ಟು ನೇರವಾಗಿ ಹೇಳುವುದು ಅಪರೂಪ. ಹೇಳಿದಾಗ ಮಾಡಿಕೊಟ್ಟುಬಿಡಬೇಕು. ಒಂಬತ್ತು ಜನರಿಗೆ ನಾಲ್ಕು ಸಾಲು ಬರೆದೆ, ಒಳ್ಳೆಯ ಹೆಜ್ಜೆ ಹಾಕಿಸುವ ಸಾಲುಗಳು. ನಾಲ್ಕನೆಯ ಸಾಲಿನ ತುದಿಯಲ್ಲಿ ಹಾಡನ್ನು ಮೆಟ್ಟಿಲ ಮೇಲೆ ಒಂದು ಕಾಲೆತ್ತಿ ನಿಲ್ಲಿಸಿದಂತೆ ನಿಲ್ಲಿಸಿದೆ. ಎಲ್ಲರೂ ಮೌನ. ಆಗ ದೊಡ್ಡ ಪೀಪಿ ಒಂದೇ ಸಲ ‘ಭೋಂ’ ಎನ್ನಬೇಕು. ಅದು ಬಂದ ಮೇಲೆಯೇ ಢೋಲು ಎತ್ತಿಕೊಳ್ಳಬೇಕು. ಮತ್ತೆ ಮೊದಲಿನಿಂದ. ಆ ಸ್ವರ ಬಾರದಿದ್ದರೆ ಕೇಳುವವರಿಗೆ ಸೀನು ಬಂದು ಬಾರದೆ ಹೋದಂತೆ ಆಗುತ್ತದೆ. ಇದು ನನ್ನ ಗ್ಯಾರಂಟಿ.

ತಾಲೀಮಿನಲ್ಲಿ ಮಾಲಕನಿಗೆ ಹಾಡು ಹಿಡಿಸಿತು, ಆ ಮೌನ ಹಿಡಿಸಲಿಲ್ಲ. “ಮಾಮಾ, ಈ ಒಂದ ಲಗ್ನ ನೋಡತೇನಿ. ನಿನ್ನಿಂದ ಮೆರವಣಿಗಿ ಒಂದ ಸಲ ಸಿಕ್ಕೊಂಡತಂದ್ರ ಅಲ್ಲೇ ಪೀಪಿ ಇಳಿಸಿ ಮನಿಗೆ ನಡಿ” ಎಂದ. ಮಾಮಾ ಆಗಲಿ ಎಂದರು. ನಾನೂ ಲಗ್ನಕ್ಕೆ ಹೋದೆ. ಹೊಸ ಹಾಡು ಮೊದಲ ಸಲ ರಸ್ತೆಗೆ ಇಳಿಯುವಾಗ ಬರೆದವನು ಜೊತೆಗಿರಬೇಕು. ತಪ್ಪಿದ್ದು ಯಾರೆಂದು ಆಮೇಲೆ ಯಾರೂ ಹೇಳುವುದಿಲ್ಲ.

ಅಕ್ಕಿಕಾಳು ಬೀಳುವ ಮುಹೂರ್ತ ಹನ್ನೆರಡೂವರೆಗೆ ಇತ್ತು. ಹನ್ನೊಂದೂವರೆಗೆ ಗುಡಿಯಿಂದ ಹೊರಟೆವು. ನಾಲ್ಕು ಸಾಲು ಮುಗಿದವು. ಬ್ಯಾಂಡು ಸುಮ್ಮನಾಯಿತು. ಕುಣಿಯುತ್ತಿದ್ದವರು ಕೈ ಮೇಲೆತ್ತಿದಂತೆಯೇ ನಿಂತರು. ಮದುಮಗ ನಿಂತ, ಅವನ ಹಿಂದೆ ಕಳಸ ಹಿಡಿದ ಹೆಣ್ಣುಮಕ್ಕಳು ನಿಂತರು. ಮಾಮಾ ತುಟಿ ಒದ್ದೆ ಮಾಡಿಕೊಂಡು, ಉಸಿರು ತುಂಬಿಕೊಂಡು, ಹಲ್ಲಿಲ್ಲದ ಜಾಗಕ್ಕೆ ನಾಲಿಗೆ ಒತ್ತಿ ತಯಾರಾಗುವಷ್ಟರಲ್ಲಿ ಒಂದು ಸೈಕಲ್ಲು ದಾಟಿ ಹೋಯಿತು. ಆಮೇಲೆ ‘ಭೋಂ’. ಢೋಲು ಎದ್ದಿತು, ಎಲ್ಲರ ಕಾಲೂ ಎದ್ದವು.

ಎರಡನೆಯ ಸಲ ಬ್ಯಾಂಡು ನಿಂತಾಗ, ಝಳಕಿಯ ಕಡೆಯ ಹಿರಿಯಳೊಬ್ಬಳು ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: “ಹೊಳಿ ದಂಡಿ ಮಂದಿ, ಅವರ ಕಡೆ ಹಿಂಗ ಇರತೈತೇನೋ. ನಡುವ ಬಾಯಿ ಹಾಕಬ್ಯಾಡ.” ನಾಲ್ಕು ಹೆಜ್ಜೆ ಮುಂದೆ ತಂಗಡಗಿಯ ಕಡೆಯವಳು, ಮದುಮಗನ ಸೋದರತ್ತೆ, ತನ್ನ ಮಗಳನ್ನು ಗದರಿಸುತ್ತಿದ್ದಳು: “ಕಾಲ ಎತ್ತಬ್ಯಾಡಬೇ! ಬೀಗರ ಪದ್ಧತಿ ಅದು. ಆ ಸ್ವರ ಆಗೂತನಾ ನಿಲ್ಲಬೇಕಂತ.”

ಪದ್ಧತಿ ಇವರದೆಂದು ಅವರು, ಅವರದೆಂದು ಇವರು. ಕೇಳಿದರೆ ತಮಗೆ ಗೊತ್ತಿಲ್ಲ ಎಂದು ತೋರಿಸಿಕೊಂಡಂತಾಗುತ್ತದೆ. ಲಗ್ನದ ದಿನ ಬೀಗರೆದುರು ಯಾರೂ ಹಾಗೆ ಮಾಡುವುದಿಲ್ಲ. ಮೂರನೆಯ ನಿಲುಗಡೆಯಲ್ಲಿ ಝಳಕಿಯ ಹಿರಿಯಳು ಮುಂದೆ ಬಂದು ಪೀಪಿಗೆ ಅರಿಷಿಣ ಕುಂಕುಮ ಹಚ್ಚಿದಳು. ತಂಗಡಗಿಯವರು ಬಿಟ್ಟಾರೆಯೇ? ನಾಲ್ಕನೆಯದರಲ್ಲಿ ಅತ್ತೆ ಒಂದು ಕುಬಸದ ಖಣ ತಂದು ಪೀಪಿಯ ಕೊರಳಿಗೆ ಕಟ್ಟಿದಳು. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಐದನೆಯದರಲ್ಲಿ ಝಳಕಿಯವರು ಪೀಪಿಗೆ ಉಡಿ ತುಂಬಿದರು. ಮುತ್ತೈದೆಯ ಸೆರಗಿಗೆ ತುಂಬುವಂತೆಯೇ: ಐದು ಹಿಡಿ ಅಕ್ಕಿ, ಎಲೆ, ಅಡಿಕೆ, ಉತ್ತತ್ತಿ, ಮೇಲೊಂದು ತೆಂಗಿನಕಾಯಿ. ಆ ಬಾಯಿ ಅಷ್ಟು ಅಗಲ ಇದ್ದದ್ದೇ ತಪ್ಪಾಯಿತು. ಮಾಮಾ ಎರಡೂ ಕೈಯಲ್ಲಿ ಪೀಪಿ ಹಿಡಿದಿದ್ದರು, ಬೇಡವೆನ್ನಲು ಬಾಯಿ ಪೀಪಿಯಲ್ಲೇ ಇತ್ತು.

ಆಮೇಲೆ ಅವರು ಊದಿದರು. ‘ಪುಸ್’ ಎಂದಿತು.

ಯಾರೂ ಕಾಲೆತ್ತಲಿಲ್ಲ. ಮಾಮಾ ಮತ್ತೆ ಊದಿದರು. ಅವರ ಕೊರಳಿನ ನರ ಉಬ್ಬಿತು, ತೆಂಗಿನಕಾಯಿ ಕದಲಲಿಲ್ಲ. ಹನ್ನೆರಡೂ ಹತ್ತಾಗಿತ್ತು. ಮಾಲಕ ಸಾಲು ಬಿಟ್ಟು ಬಂದ.

“ಮಾಮಾ, ನಾ ಏನ ಹೇಳಿದ್ದೆ? ಇಳಿಸು ಪೀಪಿ.” ಢೋಲಿನವನ ಕಡೆ ತಿರುಗಿ, “ಬಾರಸೋ, ಸ್ವರ ಬಿಟ್ಟ ಮುಂದ ನಡಿ” ಎಂದ.

ಢೋಲಿನವನು ಬಾರಿಸಿದ. ಮೆರವಣಿಗೆ ನಡೆಯಲಿಲ್ಲ. “ಸ್ವರ ಬಂದಿಲ್ಲೋ ಯಪ್ಪಾ!” ಎಂದು ತಂಗಡಗಿಯ ಅತ್ತೆ ಕೈ ಅಡ್ಡ ಹಿಡಿದಳು. “ಅಪಶಕುನ ಮಾಡಬ್ಯಾಡ್ರಿ” ಎಂದು ಝಳಕಿಯವರೂ ಸೇರಿಕೊಂಡರು. ಆ ದಿನ ಎರಡೂ ಕಡೆಯವರು ಒಪ್ಪಿದ ಮೊದಲ ಮಾತು ಅದೇ ಇರಬೇಕು.

“ಹಂಗಾರ ಕಾಯಿ ತಗೀರಿ” ಎಂದ ಮಾಲಕ, ತಾನೇ ಕೈ ಹಾಕಲು ಹೋದ.

“ತುಂಬಿದ ಉಡಿಗೆ ಕೈ ಹಾಕ್ತಿ? ಬುದ್ಧಿ ಐತೇನ ನಿನಗ?” ಎಂದು ಝಳಕಿಯ ಹಿರಿಯಳು ಗದರಿದಳು.

ಅವನ ಕೈ ಹಿಂದೆ ಬಂತು. ಪಂಚಾಂಗದ ಅಯ್ಯನವರು ಇದು ತಮ್ಮ ಶಾಸ್ತ್ರದಲ್ಲಿ ಇಲ್ಲ ಎಂದು ದೂರ ಸರಿದು ನಿಂತರು. ಮಾಮಾ ಮಾತ್ರ ಪೀಪಿ ಇಳಿಸಲಿಲ್ಲ. ಖಣ, ಕಾಯಿ, ಅಕ್ಕಿಯ ಭಾರ ಹೊತ್ತುಕೊಂಡು, ಬಾಯಿ ತೆಗೆಯದೆ, ಕಣ್ಣು ನನ್ನ ಮೇಲೆ ನೆಟ್ಟು ನಿಂತಿದ್ದರು. ಬರೆದವನು ನಾನಲ್ಲವೇ?

ಚೌಕಾಶಿಯಲ್ಲಿ ಎರಡೂ ಕಡೆಯವರು ಹಟಕ್ಕೆ ಬಿದ್ದಾಗ, ಬೇಡ ಎನ್ನಬಾರದು. ಇಬ್ಬರಿಗೂ ಏನಾದರೂ ಕೊಡಬೇಕು. ನಾನು ನಡುವೆ ಹೋಗಿ ನಿಂತೆ.

“ತುಂಬಿದ ಉಡಿ ಸೆರಗಿಗೆ ಇಳಿಸಿದ್ರ ತಪ್ಪಿಲ್ಲ, ಹೌದಿಲ್ರಿ ಯವ್ವಾ?”

“ಹೌದು. ಯಾರ ಸೆರಗಿಗೆ?” ಎಂದಳು ಝಳಕಿಯ ಹಿರಿಯಳು. “ತುಂಬಿದವ್ರು ನಾವು.”

“ಮದುಮಗ ನಮ್ಮಾಂವ” ಎಂದಳು ಅತ್ತೆ.

“ಕಾಯಿ ತಂಗಡಗಿಯವ್ರಿಗೆ, ಅಕ್ಕಿ ಝಳಕಿಯವ್ರಿಗೆ” ಎಂದೆ.

“ಕಾಯಿ ಅವರಿಗ್ಯಾಕ?”

“ಅಕ್ಕಿ ಐದ ಹಿಡಿ ಐತಿ, ಕಾಯಿ ಒಂದ. ನೀವ ಹೆಚ್ಚ ಒಯ್ಯಾಕತ್ತೀರಿ.”

ಹಿರಿಯಳು ಅಕ್ಕಿಗೆ ಒಪ್ಪಿದಳು. ಉತ್ತತ್ತಿಯೂ ತಮಗೇ ಎಂದಳು. ಅತ್ತೆ ಅಡಿಕೆ ಕೇಳಿದಳು. ಕೊಟ್ಟೆ. ನಡುರಸ್ತೆಯಲ್ಲಿ ಇಬ್ಬರೂ ಸೆರಗು ಒಡ್ಡಿ ನಿಂತರು. ಮಾಮಾ ಆ ದೊಡ್ಡ ಪೀಪಿಯನ್ನು ಹಸುಗೂಸನ್ನು ಬೋರಲು ಮಲಗಿಸುವಂತೆ ಮೆಲ್ಲಗೆ ಬಗ್ಗಿಸಿದರು. ಕಾಯಿ ಅತ್ತೆಯ ಸೆರಗಿಗೆ ಬಿತ್ತು. ಅಕ್ಕಿ ಸುರಿಯುತ್ತಿದ್ದಾಗ ಮದುಮಗ ತಾನೂ ಏನಾದರೂ ಮಾಡಬೇಕೇನೋ ಎಂದುಕೊಂಡು ತಲೆ ಬಗ್ಗಿಸಿ ಕೈ ಮುಗಿದ. ಅವನನ್ನು ನೋಡಿ ಹಿಂದಿನವರೆಲ್ಲ ಮುಗಿದರು.

ಮಾಮಾ ಪೀಪಿ ಎತ್ತಿ ಹೆಗಲಿಗೆ ಏರಿಸಿಕೊಂಡರು. ತುಟಿ ಒದ್ದೆ ಮಾಡಿಕೊಂಡರು. ಒಳಗೆ ಇನ್ನೂ ಒಂದಿಷ್ಟು ಅಕ್ಕಿ ಉಳಿದಿತ್ತೆಂದು ಕಾಣುತ್ತದೆ. ‘ಭೋಂ’ ಜೊತೆಗೆ ಅನ್ನ ಕುದಿಯುವಂಥ ಸದ್ದು ಬಂತು. ನಾನು ಅಂಥ ಸ್ವರವನ್ನು ಬರೆದಿರಲಿಲ್ಲ, ಬರೆಯುವ ರೀತಿಯೂ ನನಗೆ ಗೊತ್ತಿಲ್ಲ. ಮೆರವಣಿಗೆ ಎದ್ದು ನಡೆಯಿತು. ಮಂಟಪದ ಬಾಗಿಲಿಗೆ ಹೋಗುವವರೆಗೆ ಇನ್ನೂ ಮೂರು ಸಲ ನಿಂತೆವು. ಮಾಲಕ ಒಂದನ್ನೂ ಹಾರಿಸುವ ಧೈರ್ಯ ಮಾಡಲಿಲ್ಲ. ಮುಹೂರ್ತಕ್ಕೆ ನಾಲ್ಕು ನಿಮಿಷ ಇರುವಾಗ ಒಳಗೆ ಹೋದೆವು.

ಊಟದ ಪಂಕ್ತಿಯಲ್ಲಿ ಕುಳಿತಾಗ ಮಾಲಕನ ಬಳಿ ಇಬ್ಬರು ಬಂದರು. ಒಬ್ಬರು ಮುದ್ದೇಬಿಹಾಳದವರು, ಒಬ್ಬರು ಸಿಂದಗಿಯವರು. ತಮ್ಮ ಮನೆಯ ಲಗ್ನಕ್ಕೂ ಬ್ಯಾಂಡು ಬೇಕು. ‘ಭೋಂ’ ಅನ್ನುವ ಹಿರಿಯರು ಖಾಲಿ ಇದ್ದಾರೆಯೇ? ಮಾಲಕ ಹುಗ್ಗಿ ತಿನ್ನುವುದನ್ನು ನಿಲ್ಲಿಸಿ, ಎಡಗೈಯಲ್ಲಿ ಫೋನು ಹಿಡಿದು ಸಿಂಪಿಗರಿಗೆ ಹೇಳಿದ: “ಇನ್ನೊಂದ ಅಳತಿ ಐತ್ರಿ. ನಾಳೆ ಬರ್ರಿ. ಹೆಗಲ ಒಂದಿಷ್ಟ ಸಡಲ ಬೇಕು, ಪೀಪಿ ಹೊರೋದೈತಿ.”

ಮಾಮಾ ಎದುರಿನ ಪಂಕ್ತಿಯಲ್ಲಿದ್ದರು. ಕೇಳಿಸಿದರೂ ಕೇಳಿಸದವರಂತೆ ಹಪ್ಪಳವನ್ನು ಸಾರಿನಲ್ಲಿ ನೆನೆಯಿಟ್ಟು ಮೆತ್ತಗಾಗಲು ಕಾಯುತ್ತಿದ್ದರು. ಕೈ ತೊಳೆಯುವಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತರು. ಉಪಕಾರ ನೆನೆಯುತ್ತಾರೆ ಎಂದುಕೊಂಡೆ.

“ಮಾಸ್ತರ, ಸಿಂದಗಿ ಲಗ್ನಕ್ಕ ಬ್ಯಾರೆ ಹಾಡ ಬರೀತೀರಲ್ಲ? ಅದರಾಗ ನನಗ ಎರಡ ಸ್ವರ ಬೇಕು.”

“ನಿಮಗ ಬರೋದ ಒಂದ ಅಲ್ಲರಿ?”

“ಅದನ್ನ ಎರಡ ಸಲ ಬರೀರಿ.”

ಎರಡು ಸಲವಾದರೆ ಮುಹೂರ್ತ ಮೀರುತ್ತದೆ ಎಂದೆ. ಮುಹೂರ್ತ ಅರ್ಧ ತಾಸು ಮುಂದಕ್ಕೆ ಹಾಕಲಿ ಎಂದರು. ನಾನು ಒಂದಕ್ಕೇ ನಿಂತೆ, ಅವರು ಎರಡಕ್ಕೇ ನಿಂತರು. ನಮ್ಮ ಹಿಂದೆ ಕೈ ತೊಳೆಯುವವರ ಸಾಲು ಬೆಳೆಯಿತು. ಕೊನೆಗೆ ಒಂದೂವರೆ ಸ್ವರಕ್ಕೆ ಚೌಕಾಶಿ ಮುಗಿಸಿದೆವು.