ಸೆರಗಿನ ಗಂಟಿನಲ್ಲಿ ಮೂರು ಫ್ಯೂಸು

ನಮ್ಮ ಮರಗೆಲಸದ ಶೆಡ್ಡಿಗೆ ಯಾವ ಹೊಸ ವಸ್ತು ಬಂದರೂ ನಾನು ಮೊದಲು ಅದರ ತಳ ನೋಡುತ್ತೇನೆ. "ಅನುಮಾನಂ ಪೆದ್ದ ರೋಗಂ ಕಣೇ," ಎಂದು ಮನೆಯವರು ರೇಗಿಸುತ್ತಾರೆ. ರೋಗವಾದರೆ ಆಗಲಿ. ರೋಗಿಯ ಹತ್ತೂ ಬೆರಳು ನೆಟ್ಟಗಿವೆಯಲ್ಲ!

ಈ ರೋಗ ಅಂಟಿಸಿದ್ದು ನಮ್ಮ ಮಾವ. ಅಜ್ಜಂಪುರದಲ್ಲಿ ಈ ಶೆಡ್ಡು ಹಾಕಿದವರು ಅವರೇ. ಒಮ್ಮೆ ಹಳೆಯ ಮೆಷಿನ್ನಿನ ಬ್ಲೇಡಿಗೆ ಸಿಕ್ಕಿದ್ದ ಚಕ್ಕೆ ತೆಗೆಯುತ್ತಿದ್ದಾಗ ಯಾರೋ ಗೊತ್ತಿಲ್ಲದೆ ಮೇನ್ ಸ್ವಿಚ್ಚಿನ ಹಿಡಿ ಎತ್ತಿಬಿಟ್ಟರು. ಮಾವನ ಎರಡು ಬೆರಳು ಹೋದವು. ಅಂದಿನಿಂದ ಶೆಡ್ಡಿನಲ್ಲೊಂದು ಕಟ್ಟಳೆ: ಬ್ಲೇಡಿನ ಹತ್ತಿರ ಕೈ ಹಾಕುವ ಮೊದಲು ಬೋರ್ಡಿನ ಮೂರೂ ಫ್ಯೂಸು ಕಿತ್ತು ಒಬ್ಬರು ಮೈಮೇಲೆ ಇಟ್ಟುಕೊಳ್ಳಬೇಕು. ನಾನು ಮದುವೆಯಾಗಿ ಬಂದು ಪ್ಲೈವುಡ್ ಹಾಳೆಯ ಇನ್ನೊಂದು ತುದಿ ಹಿಡಿಯಲು ನಿಂತ ದಿನವೇ ಮಾವ ಹೇಳಿದ್ದರು: "ಹಿಡಿ ಯಾರ್ ಬೇಕಾದ್ರೂ ಎತ್ತಾರೆ ಕಣವ್ವ. ನಿನ್ ಸೆರಗಿನ ಗಂಟು ಬಿಚ್ಚೋ ಧೈರ್ಯ ಯಾವನಿಗೈತೆ?"

ಈಗಿರುವುದು ಪ್ಯಾನಲ್ ಸಾ ಎನ್ನುವ ಗರಗಸದ ಮೆಷಿನ್ನು. ಅದರ ಉದ್ದನೆಯ ಟೇಬಲ್ಲು ಹಾಳೆಯನ್ನು ಹೊತ್ತುಕೊಂಡು ಬ್ಲೇಡಿನ ಪಕ್ಕದಲ್ಲಿ ಜಾರುತ್ತದೆ. ಹಾಳೆ ಕೊಯ್ಯುವಾಗ ಮನೆಯವರು ಒಂದು ತುದಿಯಲ್ಲಿ, ಬಟನ್ನು ಇನ್ನೊಂದು ತುದಿಯಲ್ಲಿ. ಏನಾದರೂ ಎಡವಟ್ಟಾದರೆ ಸುತ್ತಿ ಬಂದು ಆರಿಸಬೇಕು. "ರಿಮೋಟ್ ಹಾಕಿಸ್ಬಿಡ್ತೀನಿ. ಕೊರಳಿಗೆ ನೇತಾಕ್ಕಂಡ್ರೆ ನಿಂತಲ್ಲೇ ಆಫು," ಎಂದರು.

ನಿಂತಲ್ಲೇ ಆಫಾಗುವುದು ನಿಂತಲ್ಲೇ ಆನ್ ಕೂಡ ಆಗುತ್ತದಲ್ಲ, ಎಂದು ನನಗೆ ಆಗಲೇ ಅನ್ನಿಸಿತು.

ಬೀರೂರಿನಿಂದ ಮೆಕ್ಯಾನಿಕ್ ಬಂದ. ಅವನು ಬೋರ್‌ವೆಲ್ ಮೋಟರಿನ ಕೆಲಸದವನು. ಸಿಂಗಟಗೆರೆ ಕಡೆ ತೆಂಗಿನ ತೋಟದವರಿಗೆಲ್ಲ ಸ್ಟಾರ್ಟರ್ ಕೂರಿಸುವವನು ಅವನೇ. ಅವನು ತಂದ ರಿಮೋಟ್ ಸ್ಟಾರ್ಟರಿನ ಡಬ್ಬಿಯ ತಳ ನೋಡಿದೆ. ಸ್ಕ್ರೂ ಸಂದಿಯಲ್ಲಿ ಕೆಂಪು ಮಣ್ಣಿತ್ತು.

"ಏನಪ್ಪಾ, ಯಾರ್ದೋ ತೋಟದಿಂದ ಕಿತ್ಕಂಡ್ ಬಂದ್ಯಾ?"

"ಥೂ, ಹೊಸಾದು ಕಣಕ್ಕಾ! ಗಾಡೀಲಿ ಮೆತ್ಕಂಡಿರೋದು."

ನಾನು ನಂಬಲಿಲ್ಲ. ಬೇರೆಯವರ ರಿಮೋಟಿಗೆ ಇದು ತಿರುಗುವುದಿಲ್ಲವೆಂದು ಏನು ಗ್ಯಾರಂಟಿ? ಅವನು ಡಬ್ಬಿ ಕೂರಿಸಿದ ಮೇಲೆ ಮನೆಯಿಂದ ಟಿವಿ ರಿಮೋಟು ತಂದು ಒತ್ತಿದೆ. ರಸ್ತೆಯಲ್ಲಿ ಕಾರು ನಿಲ್ಲಿಸಿದ್ದ ಗಿರಾಕಿಯನ್ನು ಕರೆದು ಅವರ ಕೀಲಿಯನ್ನೂ ಒತ್ತಿಸಿದೆ. ಬ್ಲೇಡು ಮಿಸುಕಲಿಲ್ಲ. ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇನ್ನಾದ್ರೂ ಆ ಫ್ಯೂಸ್ ಕೀಳೋ ಕಥೆ ಬಿಡು," ಎಂದರು ಮನೆಯವರು. "ರಿಮೋಟು ನಮ್ಮತ್ರಾನೇ ಐತೆ. ಇನ್ಯಾರ್ ಒತ್ತಾರೆ?"

ನಾನು ಸಿಟ್ಟಿನಲ್ಲಿ ಟಿವಿ ರಿಮೋಟು ಎತ್ತಿಕೊಂಡು ಮನೆಗೆ ನಡೆದೆ.

ಆ ವಾರವೇ ಒಂದು ಮಧ್ಯಾಹ್ನ ಹಾಳೆ ಅರ್ಧ ಕೊಯ್ದಿದ್ದಾಗ ಕರೆಂಟ್ ಹೋಯಿತು. ಬ್ಲೇಡು ನಿಂತಿತು, ಅದರ ಸಂದಿಗೆ ಒಂದು ಚಕ್ಕೆ ಸಿಕ್ಕಿಕೊಂಡಿತ್ತು. ಮನೆಯವರು ರಿಮೋಟು ತೆಗೆದು ಹಾಳೆಯ ಮೇಲಿಟ್ಟು ಕೈ ಹಾಕಲು ಹೋದರು.

"ತಡೀರಿ!" ಎಂದೆ. ಹಿಡಿ ಇಳಿಸಿ, ಮೂರೂ ಫ್ಯೂಸು ಕಿತ್ತು ಸೆರಗಿಗೆ ಗಂಟು ಹಾಕಿಕೊಂಡೆ.

"ಕರೆಂಟಿಲ್ಲ. ರಿಮೋಟು ಇಲ್ಲೇ ಬಿದ್ದೈತೆ. ಯಾವ ದೆವ್ವ ಬಂದು ಆನ್ ಮಾಡ್ತೈತೆ?"

"ಯಾವ್ದೋ ಒಂದ್ ಬರುತ್ತೆ. ನಿಮ್ ಗಂಟೇನ್ ಹೋಗೋದು?"

ಅವರು ನಗುತ್ತಲೇ ಬೆರಳುಗಳನ್ನು ಬ್ಲೇಡಿನ ಸಂದಿಗೆ ತೂರಿಸಿದರು. ಚಕ್ಕೆ ಸುಲಭಕ್ಕೆ ಬರಲಿಲ್ಲ. ಅಷ್ಟರಲ್ಲಿ ಎದುರಿನ ಹಿಟ್ಟಿನ ಗಿರಣಿಯಲ್ಲಿ ದೀಪ ಹತ್ತಿತು. ಕರೆಂಟ್ ಬಂದಿತ್ತು. ಅವರು ಇನ್ನೂ ಸ್ವಲ್ಪ ಹೊತ್ತು ಮೀಟಿ, ಚಕ್ಕೆ ಕಿತ್ತು ನನ್ನ ಮುಖದ ಮುಂದೆ ಹಿಡಿದರು. "ಎಲ್ಲೇ ನಿನ್ ದೆವ್ವ?"

ನಾನು ಮುಖ ಊದಿಸಿಕೊಂಡು ಫ್ಯೂಸು ಹಾಕಿ ಹಿಡಿ ಎತ್ತಿದೆ. ರಿಮೋಟು ಹಾಳೆಯ ಮೇಲೇ ಇತ್ತು. ಅದರ ಹತ್ತಿರ ಯಾರೂ ಇರಲಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಾಯಿತು. ಡಬ್ಬಿಯೊಳಗೆ ಟಕ್ಕೆಂದಿತು. ಬ್ಲೇಡು ಗುಂಯ್ಯೆಂದು ತಿರುಗಿತು.

ಮನೆಯವರು ಚಕ್ಕೆ ಹಿಡಿದು ಹಾಗೇ ನಿಂತಿದ್ದರು. ಬ್ಲೇಡನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿಕೊಂಡರು. ನಾನು ಹಿಡಿ ಇಳಿಸಿದೆ. ಮರದ ಹೊಟ್ಟಿನ ಮೇಲೆ ಕುಸಿದು ಕೂತು, "ನಿಮ್ ರಿಮೋಟಿಗಿಷ್ಟು ಬೆಂಕಿ ಹಾಕ!" ಎಂದು ಬೈಯುತ್ತ ಬೈಯುತ್ತ ಅತ್ತೆ. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿ, ಯಾರೂ ಒತ್ತದೆ ಬ್ಲೇಡು ತಿರುಗಿತೆಂದೆ. "ಆಟೋಗೆ ಇಟ್ಟಿದೀನಿ ಕಣಕ್ಕಾ," ಎಂದ ಅವನು ಆರಾಮಾಗಿ. "ತೋಟದವ್ರೆಲ್ಲ ಹಂಗೇ ಕೇಳ್ತಾರೆ. ಕರೆಂಟ್ ಬಂದೇಟ್ಗೆ ಮೋಟರ್ ತಾನಾಗೇ ಎತ್ಕಂಡ್ಬಿಡ್ಬೇಕು, ನೀರ್ ಹಾಯ್ಬೇಕು ಅಂತ..." ಆಮೇಲೆ ಸಣ್ಣ ದನಿಯಲ್ಲಿ ಕೇಳಿದ: "ಅಯ್ಯೋ... ಅಣ್ಣನ್ ಕೈ ಹೆಂಗೈತಕ್ಕಾ?"

ಸಂಜೆಯೊಳಗೆ ಓಡಿ ಬಂದು ಅದನ್ನು ಬಿಚ್ಚಿ, ಕರೆಂಟ್ ಹೋಗಿ ಬಂದರೂ ಬಟನ್ ಒತ್ತುವವರೆಗೆ ಏಳದಂಥದ್ದನ್ನು ಕೂರಿಸಿ ಹೋದ. ರಿಮೋಟು ಈಗಲೂ ಇದೆ, ಅನುಕೂಲವೂ ಇದೆ. ಆ ಹೊಸ ಡಬ್ಬಿಯ ತಳವನ್ನೂ ನಾನು ನೋಡಿದೆ. ಈ ಸಲ ಯಾರೂ ನಗಲಿಲ್ಲ.

ಬ್ಲೇಡಿಗೆ ಚಕ್ಕೆ ಸಿಕ್ಕಿಕೊಂಡರೆ ಮನೆಯವರು ಈಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ನಾನು ಫ್ಯೂಸು ಕಿತ್ತು ಗಂಟು ಹಾಕಿ, ಅವರಿಗೆ ಕೇಳಿಸುವಂತೆ ಸೆರಗು ಕುಲುಕುತ್ತೇನೆ. ಆಗಲೂ ಅವರು ಕೈ ಮುಂದೆ ತರುವುದಿಲ್ಲ.

"ಮೂರೂ ಐತಾ? ಬಿಚ್ಚಿ ತೋರ್ಸು," ಎನ್ನುತ್ತಾರೆ.