ಮರಿಯಣ್ಣನಿಗೆ ನಾನು ಹೇಳಿದ ಅರ್ಥ

ಮರಿಯಣ್ಣನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು? ನಾನು ದೊರೆಸ್ವಾಮಿ, ಮೂವತ್ತೊಂದು ವರ್ಷ ಕನ್ನಡ ಮೇಷ್ಟ್ರಾಗಿದ್ದವನು. ಸಮಾಜವಾದದ ಮೇಲೆ ಬೀರು ತುಂಬ ಪುಸ್ತಕ ಓದಿದವನು, ಸಿಕ್ಕಸಿಕ್ಕ ವೇದಿಕೆ ಹತ್ತಿ ಗಂಟಲು ಹರಿದುಕೊಂಡವನು. ಅವನೋ, ಕನಕಪುರದ ಕಡೆಯಿಂದ ಬಂದು ತರಗುಪೇಟೆಯಲ್ಲಿ ಮೂಟೆ ಹೊತ್ತು, ಆಮೇಲೆ ವಿಶ್ವೇಶ್ವರಪುರದ ನಮ್ಮ ಬೀದಿಯಲ್ಲಿ ಬೇಳೆಕಾಳಿನ ಅಂಗಡಿ ಇಟ್ಟವನು. ಓದಿದ್ದು ನಾಲ್ಕನೇ ಕ್ಲಾಸು.

ಕೊರೊನಾ ಬಂದು ಎಲ್ಲರೂ ಬಾಗಿಲು ಹಾಕಿಕೊಂಡಾಗ ಅವನು ಅಂಗಡಿಯ ಮೂಟೆಗಳನ್ನೆಲ್ಲ ಬಿಚ್ಚಿ ಮನೆಮನೆಗೂ ಬೇಳೆ ಹಂಚಿದ. ಯಾರು, ಯಾವ ಜನ ಎಂದು ಕೇಳಲಿಲ್ಲ. ನಮ್ಮ ಮನೆಗೂ ಕೊಟ್ಟ; ಸಾರು ಮಾಡಿಸಿಕೊಂಡು ಉಂಡೆ. ಅಂದಿನಿಂದ ಬೀದಿಯವರ ಬಾಯಲ್ಲಿ ಅವನು ‘ಸಮಾಜವಾದಿ ಮರಿಯಣ್ಣ’. ನಾನು ಬರೀ ‘ಮೇಷ್ಟ್ರು’! ಹೋದ ವರ್ಷ ರಾಜ್ಯೋತ್ಸವಕ್ಕೆ ಆ ಬಿರುದನ್ನೇ ಶಾಲು ಹೊದಿಸಿ ಕೊಡುವುದೆಂದು ಬೀದಿಯ ಸಂಘದವರು ತೀರ್ಮಾನಿಸಿದಾಗ, ಮೂರು ದಿನ ನನಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಅವನೇ ಮನೆಗೆ ಬಂದ.

“ಮೇಷ್ಟ್ರೇ, ಈ ಸಮಾಜವಾದಿ ಅಂದ್ರೆ ಏನು? ಅವರವರ ಸಮಾಜಕ್ಕೆ ವಾದ ಮಾಡೋರು ಅಂತಾನಾ? ಮೊನ್ನೆ ನಮ್ ಸಮಾಜದೋರು ಮೀಟಿಂಗಿಗೆ ಕರಿಯಕ್ಕೆ ಬಂದಿದ್ರು. ಅದಕ್ಕೇ ಡೌಟು ಬಂತು.”

ಸಮಾಜವೆಂದರೆ ಜಾತಿ ಎಂದುಕೊಂಡಿದ್ದಾನೆ! ಅವನ ತಪ್ಪೂ ಅಲ್ಲ, ಈ ಊರಲ್ಲಿ ‘ನಮ್ಮ ಸಮಾಜದವರು’ ಎಂದರೆ ಇನ್ಯಾವ ಅರ್ಥ? ‘ಅಲ್ಲ ಕಣಯ್ಯಾ, ಎಲ್ಲರೂ ಸಮ ಅನ್ನೋನು’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಲಿಗೆ ಏಳಲಿಲ್ಲ.

“ಹ್ಞೂಂ, ಅದೇ ಅರ್ಥ,” ಎಂದೆ.

“ಅಯ್ಯೋ ಶಿವನೇ! ಹಂಗಾದ್ರೆ ನಂಗ್ ಬೇಡ. ಎಲ್ರಿಗೂ ಬೇಕಾದೋನು ನಾನು.”

ನೆಟ್ಟಗೆ ಸಂಘಕ್ಕೆ ಹೋಗಿ ಒಲ್ಲೆ ಎಂದುಬಿಟ್ಟ. ಕಾರಣ ಹೇಳಲಿಲ್ಲವಂತೆ. ಸಮಾಜವಾದದ ಭಾಷಣ ಮಾಡುವವನು ಬೀದಿಯಲ್ಲಿ ಇನ್ನೊಬ್ಬ ನಾನೇ ಎಂದು, ಬಿರುದು ನನ್ನ ಪಾಲಿಗೆ ಬಂತು.

ಸಮಾರಂಭಕ್ಕೆ ನನ್ನ ನೆಂಟರಿಷ್ಟರು ಒಬ್ಬರೂ ತಲೆಹಾಕಲಿಲ್ಲ. ಆದರೂ ಕುರ್ಚಿಗಳು ಭರ್ತಿ. ಇಸ್ತ್ರಿ ಅಂಗಡಿಯ ಹನುಮಕ್ಕ, ಗಾಂಧಿ ಬಜಾರಿನ ಹೂವಿನವರು, ತರಗುಪೇಟೆಯ ಹಮಾಲಿಗಳು. ನನಗೋ ಹಿಗ್ಗು. ಮರಿಯಣ್ಣ ಹಾರ ಹಿಡಿದು ವೇದಿಕೆ ಹತ್ತಿ ಬಂದ, ಯಾರಿಗೂ ಕೇಳಿಸದ ಹಾಗೆ ನನ್ನ ಕಿವಿಯಲ್ಲಿ ಹೇಳಿದ:

“ನಿಮ್ ಸಮಾಜದೋರು ಒಬ್ರೂ ಬಂದಿಲ್ಲ ಅಂತ ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ಮಿಕ್ಕಿದ್ ಸಮಾಜದೋರ್ನೆಲ್ಲಾ ನಾನು ಕರ್ಕೊಂಡ್ ಬಂದಿದೀನಿ.”

ತಲೆ ಬಗ್ಗಿಸಿ ಹಾರ ಹಾಕಿಸಿಕೊಂಡೆ. ಆಗಲೂ, ದೇವರಾಣೆ, ಅವನನ್ನು ಕಂಡು ನನ್ನ ಹೊಟ್ಟೆ ಉರಿಯಿತು.