ಆರು ಮೈಲಿಯ ಇತಿಹಾಸ

ಬೆಲ್ಲದ ವ್ಯಾಪಾರಿ ಕಾಡಪ್ಪನ ಮನೆ ಮಿರಜದಲ್ಲಿ, ಅಂಗಡಿ ಸಾಂಗ್ಲಿಯ ಪೇಟೆಯಲ್ಲಿ. ನಡುವೆ ಆರು ಮೈಲಿ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ಸಣ್ಣ ರೈಲು ಹತ್ತಿದರೆ ಮಾತು ಮುಗಿಯುವುದರೊಳಗೆ ಸಾಂಗ್ಲಿ ಬಂದುಬಿಡುತ್ತಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಲೆಕ್ಕದ ವಹಿಯಲ್ಲಿ ಕೂಡಿಸಿ ಬರೆಯುವ ಮೋಡಿ ಅಕ್ಷರ. ಅಚ್ಚಾದ ಮರಾಠಿ ಪುಸ್ತಕಗಳ ಬಿಡಿ ಅಕ್ಷರದ ಬಾಳಬೋಧ ಲಿಪಿ ಮಾತ್ರ ಅವನಿಗೆ ಬಾರದು. ಐವತ್ತು ವರ್ಷದವರೆಗೆ ಅದು ಬೇಕಾಗಿಯೂ ಇರಲಿಲ್ಲ.

ಅವನಿಗೆ ಒಬ್ಬಳೇ ಮಗಳು, ನೀಲಗಂಗವ್ವ. ಒಂಬತ್ತನೆಯ ವಯಸ್ಸಿನಲ್ಲಿ ಅವಳ ಸೊಂಟದ ಎಲುಬಿಗೆ ಕ್ಷಯ ತಗಲಿತು. ಎರಡು ವರ್ಷ ಗಚ್ಚಿನ ಪಟ್ಟಿಯೊಳಗೆ ಮಲಗಿ ಎದ್ದಾಗ ಜೀವ ಉಳಿದಿತ್ತು, ಬಲಗಾಲು ಮಡಚುತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳು ಚಾಪೆಯ ಮೇಲೆ ಕೂರುತ್ತಿದ್ದರು. ಇವಳು ಗೋಡೆಗೆ ಒರಗಿ ಕಾಲು ನೆಟ್ಟಗೆ ಚಾಚಿದರೆ ಮುಂದಿನ ಹುಡುಗಿಯರು ಎಡವುತ್ತಿದ್ದರು. ನಾಲ್ಕು ದಿನ ಹೋದಳು, ಐದನೆಯ ದಿನ ಹೋಗಲಿಲ್ಲ. ದೊಡ್ಡವಳಾದ ಮೇಲೆ ನೋಡಲು ಬಂದ ಗಂಡಿನ ಕಡೆಯವರು ಅವಳು ಚಹಾ ತರುವಾಗಿನ ನಡಿಗೆ ನೋಡಿ, ಬಿಸಿ ಚಹಾವನ್ನೇ ಗಡಬಡಿಸಿ ಕುಡಿದು ಎದ್ದರು.

ಹೀಗಿರುವಾಗ ಊರಿನ ಹೆಣ್ಣುಮಕ್ಕಳ ಶಾಲೆಯ ಹಿರಿಯ ಬಾಯಿ, ಅಂದರೆ ಮುಖ್ಯ ಶಿಕ್ಷಕಿ, ಸೋನಾಬಾಯಿ ಒಂದು ದಿನ ಮನೆಗೆ ಬಂದಳು. ಹುಡುಗಿಯ ಬುದ್ಧಿ ಚುರುಕಾಗಿದೆ, ಮನೆಯಲ್ಲೇ ಓದಿ ಮಿರಜ ಸಂಸ್ಥಾನದ ಫೈನಲ್ ಪರೀಕ್ಷೆ ಪಾಸಾಗಲಿ ಎಂದಳು. ಬರುವ ಜೂನಿನಲ್ಲಿ ತಮ್ಮ ಶಾಲೆಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಕುರ್ಚಿಯ ಮೇಲೆ ಕೂತು ಕಲಿಸಬಹುದು ಎಂದೂ ಸೇರಿಸಿದಳು. ಅವಳು ಹೋದ ಮೇಲೆ ನೀಲಗಂಗವ್ವ ತಂದೆಯ ಮುಖವನ್ನೇ ನೋಡುತ್ತ ನಿಂತಳು.

"ಪುಸ್ತಕ ನಾ ತರ್ತೇನಿ, ನೀ ಓದಾಕ ಕುಂದ್ರು" ಎಂದ ಕಾಡಪ್ಪ.

ಸಾಂಗ್ಲಿಯ ಪೇಟೆಯ ಮೂಲೆಯಲ್ಲಿ ಪಾರಿಸ ಎಂಬವನು ಗೋಣಿತಟ್ಟು ಹಾಸಿ ಹಳೆಯ ಶಾಲಾ ಪುಸ್ತಕ ಮಾರುತ್ತಿದ್ದ. ಪರೀಕ್ಷೆ ಮುಗಿಸಿದ ಹುಡುಗರು ತಂದು ಕೊಟ್ಟವು. ಕೆಲವಕ್ಕೆ ರಟ್ಟಿಲ್ಲ, ಕೆಲವುಗಳಲ್ಲಿ ಬಾದಶಹರ ಚಿತ್ರಕ್ಕೆ ಯಾರೋ ಮೀಸೆ ಬರೆದಿದ್ದಾರೆ. ಕಾಡಪ್ಪ ಬೆಲ್ಲದ ಪೆಂಟೆ ಪರೀಕ್ಷಿಸುವಂತೆ ಒಂದೊಂದನ್ನೂ ಎತ್ತಿ, ಹಾಳೆ ಎಣಿಸಿ, ಹುಳು ತಿಂದಿದೆಯೇ ನೋಡಿ ಆರಿಸಿದ. ಹಿಂದೂಸ್ಥಾನದ ಇತಿಹಾಸ, ಮರಾಠರ ಇತಿಹಾಸ, ಭೂಗೋಳ, ಪೌರನೀತಿ, ಜೊತೆಗೆ 'ನಮ್ಮ ಸಂಸ್ಥಾನ' ಎಂಬ ತೆಳ್ಳನೆಯದೊಂದು. ಯಾವುದು ಯಾವುದೆಂದು ಪಾರಿಸನೇ ಹೇಳಿದ. ಗಂಟು ಕಟ್ಟಿ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದ.

ಮನೆಯ ನಡುಮನೆ ಶಾಲೆಯಾಯಿತು. ನೀಲಗಂಗವ್ವ ಮರಾಠಿಯಲ್ಲಿ ಓದಿಕೊಂಡು, ಅದನ್ನೇ ಕನ್ನಡದಲ್ಲಿ ತಾಯಿ ಸಾವಂತ್ರವ್ವನಿಗೆ ಹೇಳುತ್ತಿದ್ದಳು. ಸಾವಂತ್ರವ್ವ ಜೋಳ ಹಸನು ಮಾಡುತ್ತ ಕೇಳುವಳು. ಪಾಣಿಪತ್ತಿನ ಯುದ್ಧ ಬಂದ ದಿನ ಮೊರ ಕೆಳಗಿಟ್ಟು ಕೇಳಿದಳು:

"ಅಷ್ಟು ಮಂದಿ ಸತ್ರು ಅಂತೀಯಲ್ಲ, ಅವರ ಹೇಣ್ತೇರು ಏನ್ ಮಾಡಿದ್ರು?"

"ಅದನ್ನ ಬರದಿಲ್ಲವ್ವಾ."

"ಬರೀಬೇಕಿತ್ತು" ಎಂದು ಮತ್ತೆ ಮೊರ ಎತ್ತಿಕೊಂಡಳು.

ಒಂದು ಸಂಜೆ ಕಾಡಪ್ಪ ಊಟಕ್ಕೆ ಕೂತಾಗ ನೀಲಗಂಗವ್ವ ಆ ತೆಳ್ಳನೆಯ ಪುಸ್ತಕ ಹಿಡಿದು ಬಂದಳು.

"ಅಪ್ಪಾ, ಇದು ಸಾಂಗ್ಲಿ ಸಂಸ್ಥಾನದ್ದೈತ್ರಿ. ನಾವು ಮಿರಜದವರಲ್ಲಾ?"

ಕಾಡಪ್ಪನಿಗೆ ನಗೆ ಬಂತು. "ಏ ಹುಚ್ಚಿ, ಆರು ಮೈಲಿನ್ಯಾಗ ಇತಿಹಾಸ ಬ್ಯಾರೆ ಆಗತೈತೇನ? ಅವರೂ ಅದ ಮನೆತನದವರು, ಇವರೂ ಅದ ಮನೆತನದವರು. ಹಂಚಿಕೊಂಡಾರಷ್ಟ. ಓದು, ಓದು."

ಅವಳು ಪುಸ್ತಕದ ಹೆಸರನ್ನು ಇನ್ನೊಮ್ಮೆ ನೋಡಿದಳು. ಆಮೇಲೆ "ಹೂಂ" ಎಂದು ಒಳಗೆ ಹೋದಳು. ತಂದೆ ಹೇಳಿದ್ದು ಅವಳ ಪಾಲಿಗೆ ಅಚ್ಚಾದ ಮಾತಿಗಿಂತ ಗಟ್ಟಿ.

೧೯೩೮ರ ಏಪ್ರಿಲ್‌ನಲ್ಲಿ ಪರೀಕ್ಷೆ ನಡೆಯಿತು. ಕಾಲು ಚಾಚಿ ಕೂರಲು ಉದ್ದ ಬೆಂಚಿನಂಥ ಬಾಕು ಬೇಕೆಂದು ಕಾಡಪ್ಪ ಮೊದಲೇ ಕೇಳಿಕೊಂಡಿದ್ದ; ಸಿಗದಿದ್ದರೆ ಎಂದು ಅಂಗಡಿಯ ಸ್ಟೂಲನ್ನೂ ಹೊತ್ತು ತಂದಿದ್ದ. ಬಾಕು ಸಿಕ್ಕಿತು. ಆ ಮೂರು ದಿನ ಅವನು ಅಂಗಡಿ ತೆರೆಯದೆ ಶಾಲೆಯ ಮುಂದಿನ ಬೇವಿನ ಕೆಳಗೆ ಕೂತ. ಇತಿಹಾಸ ಭೂಗೋಳದ ದಿನ ಮಗಳು ಹೊರಗೆ ಬಂದಾಗ ಮುಖ ಬಿಳಿಚಿತ್ತು.

"ಹೆಂಗಾತು?"

"ಎಲ್ಲಾ ಬರದೇನ್ರಿ" ಎಂದಳು. ಅಷ್ಟೇ.

ಫಲಿತಾಂಶ ಬಂದಾಗ ಗಣಿತ, ಭಾಷೆ ಎರಡರಲ್ಲೂ ಅವಳು ಮುಂದಿದ್ದಳು. ಇತಿಹಾಸ ಭೂಗೋಳದಲ್ಲಿ ಪಾಸಾಗಲು ಮೂವತ್ತೈದು ಬೇಕು, ಬಂದಿದ್ದು ಮೂವತ್ತೊಂದು. ನಾಪಾಸು. ಕಾಡಪ್ಪ ಆ ಕಾಗದವನ್ನು ಸೋನಾಬಾಯಿಯ ಕಡೆಯಿಂದ ಎರಡು ಸಲ ಓದಿಸಿದ.

ಮಾರನೆಯ ದಿನವೇ ವಿದ್ಯಾಖಾತೆಯ ಕಚೇರಿಗೆ ಹೋದ. ಸಾಹೇಬರು ಸಭ್ಯಸ್ಥರು, ಕೂರಲು ಹೇಳಿ ಉತ್ತರ ಪತ್ರಿಕೆ ತರಿಸಿದರು. 'ನಮ್ಮ ಸಂಸ್ಥಾನ' ಎಂಬ ಭಾಗಕ್ಕೆ ಇಪ್ಪತ್ತು ಅಂಕ. ತಾಲೂಕುಗಳ ಹೆಸರು ಕೇಳಿದ್ದರು. ಲಕ್ಷ್ಮೇಶ್ವರ, ಮೋಡನಿಂಬ ಎಂದು ಬರೆಯಬೇಕಿದ್ದಲ್ಲಿ ನೀಲಗಂಗವ್ವ ಶಿರಹಟ್ಟಿ, ತೇರದಾಳ, ಮಂಗಳವೇಢೆ ಎಂದು ಮುತ್ತು ಪೋಣಿಸಿದಂತೆ ಬರೆದಿದ್ದಳು. ಅರಸರ ವಂಶಾವಳಿಯೂ ಸಾಂಗ್ಲಿಯದೇ. ಇಪ್ಪತ್ತಕ್ಕೆ ಸೊನ್ನೆ.

"ಉತ್ತರ ಬರೋಬರಿ ಐತ್ರಿ" ಎಂದರು ಸಾಹೇಬರು, ಅವನಿಗಾಗಿ ಕನ್ನಡಕ್ಕೆ ತಿರುಗಿ. "ಸಂಸ್ಥಾನ ತಪ್ಪೈತಿ."

"ಅದು ನನ್ನ ತಪ್ಪು ಸಾಹೇಬ್ರ. ಆಕಿ ಕೇಳಿದ್ಲು. ನಾನ ಎಲ್ಲಾ ಒಂದ ಅಂದೆ. ಪುಸ್ತಕ ತಂದಾಂವ ನಾನು. ಏನ್ ಶಿಕ್ಷಾ ಇದ್ರೂ ನನಗ ಕೊಡ್ರಿ."

"ಪರೀಕ್ಷಾ ಬರದವರು ನೀವಲ್ಲಲ್ರಿ." ಸಾಹೇಬರು ಕಾಗದ ಮಡಚಿದರು. ಆಮೇಲೆ, ಬೈಯುವಂತಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದರು: "ಬೆಲ್ಲದ ವ್ಯಾಪಾರ ಅಂತೀರಿ. ಗಾಡಿ ಈ ಕಡೆ ಬರೂ ಮುಂದ ನಾಕಾದಾಗ ಜಕಾತಿ ಕೊಡ್ತೀರಲ್ಲ, ಅದು ಯಾಕಂತ ಎಂದೂ ಅನಿಸಿಲ್ಲೇನ್ರಿ?"

ಮೂವತ್ತು ವರ್ಷ ಕಾಡಪ್ಪ ಗಡಿಯ ಆ ಸುಂಕದ ನಾಕಾದಲ್ಲಿ ಗಾಡಿ ನಿಲ್ಲಿಸಿದ್ದ. ಈ ಕಡೆಯ ಸಿಪಾಯಿ ಬೇರೆ, ಆ ಕಡೆಯ ಸಿಪಾಯಿ ಬೇರೆ, ಮುದ್ರೆ ಬೇರೆ ಎಂದು ಮಿರಜದಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಬೆಲ್ಲಕ್ಕೆ ಎರಡು ಸಂಸ್ಥಾನವಿದ್ದದ್ದು ಮಗಳ ವಿಷಯಕ್ಕೆ ಬಂದಾಗ ಹೇಗೆ ಒಂದಾಯಿತೋ.

ಮತ್ತೆರಡು ಸಲ ಹೋದ. ಎರಡನೆಯ ಸಲ ಅರ್ಜಿ ತೆಗೆದುಕೊಂಡರು. ಮೂರನೆಯ ಸಲ ಸಾಹೇಬರು ಸಿಗಲಿಲ್ಲ. ಕಾರಕೂನ ತಲೆ ಎತ್ತದೆ ನಿಯಮ ಹೇಳಿದ. ಜೂನಿನಲ್ಲಿ ಆ ಜಾಗಕ್ಕೆ ಸಾತಾರಾ ಕಡೆಯ ಹುಡುಗಿಯೊಬ್ಬಳು ಬಂದಳು. ಸೋನಾಬಾಯಿ ಮನೆಗೆ ಬಂದು ಸುದ್ದಿ ಹೇಳುವಾಗ ತಾನೇ ತಪ್ಪು ಮಾಡಿದವಳಂತೆ ಸೆರಗು ತಿರುವುತ್ತಿದ್ದಳು.

ಕಾಡಪ್ಪನಿಗೆ ಒಂದೇ ಆಸೆಯಿತ್ತು: ಮಗಳು ಒಮ್ಮೆ ಬೈಯಲಿ. ಅವಳು ಬೈಯಲಿಲ್ಲ. ಎಂದಿನಂತೆ ನೀರು ತಂದಿಟ್ಟಳು, ಊಟಕ್ಕೆ ಕರೆದಳು. ಕೊನೆಗೆ ಅವನೇ ತಡೆಯಲಾರದೆ ಕೇಳಿದ.

"ನನ್ನ ಮ್ಯಾಲ ಸಿಟ್ಟಿಲ್ಲೇನವಾ?"

"ಯಾಕ್ರಿ ಅಪ್ಪಾ?" ಎಂದಳು ನೀಲಗಂಗವ್ವ. "ಆ ಪ್ರಶ್ನೆ ನೋಡಿದಾಗ ನನಗೂ ಗೊತ್ತಾತ್ರಿ. ಆದ್ರ ನನಗ ಬರ್ತಿದ್ದ ಊರು ಅವ ಇದ್ದವು. ಜಾಗಾ ಖಾಲಿ ಬಿಟ್ಟು ಬರಾಕ ಮನಸಾಗಲಿಲ್ಲ. ಬರದೆ."

ಆಮೇಲೆ ಅವಳು ದೀಪದ ಬುಡ್ಡಿ ಒರೆಸಲು ಹೋದಳು. ಕಾಡಪ್ಪ ಕೂತಲ್ಲಿಯೇ ಕೂತ. ಆ ಬಾಕಿನ ಮೇಲೆ, ತಪ್ಪೆಂದು ತಿಳಿದೂ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದ ಮಗಳು ಕಣ್ಣ ಮುಂದಿಂದ ಹೋಗಲಿಲ್ಲ.

ಆ ವರ್ಷ ಅವನು ಮಿರಜದಲ್ಲೇ ಹೊಸ ಪುಸ್ತಕ ಕೊಂಡ. ನೀಲಗಂಗವ್ವ ಮತ್ತೆ ಓದಿದಳು, ಮತ್ತೆ ಅದೇ ಬಾಕಿನ ಮೇಲೆ ಕಾಲು ಚಾಚಿ ಬರೆದಳು. ಪಾಸಾದಳು, ಇತಿಹಾಸದಲ್ಲಿ ಎಪ್ಪತ್ತೆರಡು. ಅಷ್ಟರಲ್ಲಿ ಸೋನಾಬಾಯಿ ಕೆಲಸ ಮುಗಿಸಿ ಮಗನ ಊರಿಗೆ ಹೋಗಿದ್ದಳು. ಹೊಸ ಬಾಯಿ ಕೆಲಸದ ಅರ್ಜಿ ತೆಗೆದುಕೊಂಡು, ನೀಲಗಂಗವ್ವ ಬಾಗಿಲ ತನಕ ನಡೆದು ಹೋಗುವುದನ್ನು ಸುಮ್ಮನೆ ನೋಡಿದಳು.

ಮಳೆಗಾಲದ ಒಂದು ಮಧ್ಯಾಹ್ನ ಕಾಡಪ್ಪ ಮಗಳ ಮುಂದೆ ಪಾಟಿ ಬಳಪ ಇಟ್ಟ.

"ನನಗ ಬಾಳಬೋಧ ಕಲಸವಾ."

"ಈಗ್ಯಾಕ್ರಿ?"

"ಕಲಸು."

ಅವಳು ಕಲಿಸಿದಳು. ಮೋಡಿಗೆ ಪಳಗಿದ ಬೆರಳು ಪ್ರತಿ ಅಕ್ಷರವನ್ನೂ ಮುಂದಿನದಕ್ಕೆ ಎಳೆದು ಕೂಡಿಸಲು ನೋಡುತ್ತಿತ್ತು. "ಬಿಡಿಸಿ ಬರೀರಿ ಅಪ್ಪಾ, ಬಿಡಿಸಿ" ಎಂದು ಅವಳು ಮತ್ತೆ ಮತ್ತೆ ಹೇಳಬೇಕಾಯಿತು. ದೀಪಾವಳಿಯ ಹೊತ್ತಿಗೆ ಅವನು ಬೆರಳಿಟ್ಟು ಓದುವಷ್ಟಾದ.

ಅರ್ಜಿಗೆ ಉತ್ತರವಾಗಿ ಶಾಲೆಯ ಅಂಚೆ ಕಾರ್ಡು ಬಂದಾಗ ಸಾವಂತ್ರವ್ವ ಅದನ್ನು ಮಗಳ ಕೈಗೆ ಕೊಡಹೋದಳು. ಕಾಡಪ್ಪ "ತಾ ಇಲ್ಲಿ" ಎಂದು ಇಸಿದುಕೊಂಡ. ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿದ. ಸದ್ಯಕ್ಕೆ ಯಾವ ಜಾಗವೂ ಖಾಲಿ ಇಲ್ಲ, ಆದಾಗ ತಿಳಿಸಲಾಗುವುದು. ಒಂದು ಒತ್ತಕ್ಷರದಲ್ಲಿ ತಡವರಿಸಿದ. ಒಳಗಿನಿಂದ ನೀಲಗಂಗವ್ವ ಅದನ್ನು ಸರಿಯಾಗಿ ಹೇಳಿಕೊಟ್ಟಳು. ಅವನು ಹಾಗೆಯೇ ಅಂದು, ಕೊನೆಯ ತನಕ ಓದಿದ.

"ಏನಂತರಿ?" ಎಂದು ಸಾವಂತ್ರವ್ವ ಕೇಳಿದಳು.

ಕಾಡಪ್ಪ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹಿಂದುಗಡೆ ಅವನದೇ ಹೆಸರು, ಮನೆಯ ವಿಳಾಸ. ಮಿರಜ ಎಂದು ಸರಿಯಾಗಿಯೇ ಬರೆದಿದ್ದರು.